ಬ್ರೇಕ್ ಪೈಪಿಗೆ ಬಾಯಿ ಮಾಡಿದ್ದು

ನಾನು ಯಾವ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳಲು ಹೊರಟರೂ ಊರಿಗೆ ಊರೇ ಎದ್ದು ಬಂದು ಅಡ್ಡ ನಿಲ್ಲುತ್ತದೆ. ಮೊದಲು ಫ್ಯಾನಿಗೆ ಹೀಗಾಯಿತು, ಆಮೇಲೆ ನಳಕ್ಕೆ. ಈ ಸಲ ಕಾರಿನ ಬ್ರೇಕಿಗೆ.

ನಾನು ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನನ್ನ ಹಳೆಯ ಕಾರಿನ ಹಿಂದಿನ ಗಾಲಿಗೆ ಹೋಗುವ ಬ್ರೇಕ್ ಪೈಪು ಜಂಗು ಹಿಡಿದು ಎಣ್ಣೆ ಸೋರತೊಡಗಿತು. ಹೊಸ ಪೈಪನ್ನು ಅಳತೆಗೆ ಕತ್ತರಿಸುವುದು ಕಷ್ಟವಲ್ಲ. ಆದರೆ ಕತ್ತರಿಸಿದ ತುದಿಯ ಬಾಯಿ ಅರಳಿಸಿ, ಅದನ್ನು ಮತ್ತೆ ಒಳಗೆ ಮಡಚಿ ಎರಡು ಪದರ ಮಾಡಬೇಕು. ಆಗಲೇ ಅದು ನಟ್ಟಿನಲ್ಲಿ ಬಿಗಿಯಾಗಿ ಕೂರುವುದು. ಅದಕ್ಕೆಂದೇ ಫ್ಲೇರಿಂಗ್ ಟೂಲ್ ಅಂತ ಬರುತ್ತದೆ. ನನಗೆ ಬೇಕಾಗಿದ್ದು ಅದೊಂದೇ.

ಮನೆಯವಳು ಗಡುವು ಕೊಟ್ಟಿದ್ದಳು. "ದಸರಾಕ್ಕ ನಮ್ಮ ತವರಮನಿಗೆ ಬನ್ನಿ ಕೊಡಾಕ ಈ ಗಾಡ್ಯಾಗ ಹೋಗೂದಾಗ್ಲಿಲ್ಲಂದ್ರ, ಮರುದಿನ ಇದನ್ನ ಗುಜರಿಗೆ ಹಾಕ್ತೀನಿ ನೋಡ್ರಿ." ಅವಳು ಅಂದರೆ ಮಾಡುವವಳೇ. ನನ್ನ ಸ್ಕೂಟರು ಹಾಗೇ ಹೋಗಿದೆ.

ಎಸಿ ಅದನ್ರಿ?

ಶಹಾಪುರದಲ್ಲಿ ಸಿಗಲಿಲ್ಲ ಅಂತ ಬಸ್ಸು ಹತ್ತಿ ಯಾದಗಿರಿಗೆ ಹೋದೆ. ಹಾರ್ಡ್‌ವೇರ್ ಅಂಗಡಿಯವನಿಗೆ ಬೇಕಾದ್ದನ್ನು ಬಿಡಿಸಿ ಹೇಳಿದೆ. ಅವನು ಒಳಗೆ ಹೋಗಿ, ಧೂಳು ಒರೆಸುತ್ತಾ ಒಂದನ್ನು ತಂದು ಮುಂದಿಟ್ಟ.

"ತಗೋರಿ ಸರ. ಏಕದಂ ಮಜಬೂತ್ ಮಾಲು."

ನೋಡಿದರೆ ಫ್ರಿಜ್ ರಿಪೇರಿಯವರದು! ಮೆತ್ತನೆಯ ತಾಮ್ರದ ಪೈಪನ್ನು ಒಂದೇ ಪದರಕ್ಕೆ ಅರಳಿಸುವಂಥದ್ದು.

"ಇದು ಬ್ರೇಕಿಗೆ ನಡೆಯಂಗಿಲ್ರಿ. ಜೋರ್ ಒತ್ತಿದ್ರ ತುದಿ ಸೀಳತದ. ಎರಡು ಪದರ ಮಾಡೂದು ಬೇಕು."

"ಏನ್ ಮಾತಾಡ್ತೀರಿ ಸರ! ಭಾಳ ಮಂದಿ ಇದನ್ನ ಒಯ್ತಾರ. ಇಲ್ಲೀತನಕ ಒಬ್ಬರೂ ತಿರಗಿ ಬಂದಿಲ್ಲ."

"ಬ್ರೇಕಿಗಂತ ಒಯ್ದವ್ರು ತಿರಗಿ ಹ್ಯಾಂಗ ಬರ್ತಾರ್ರಿ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. ಗಲ್ಲ ಕೆರೆದುಕೊಂಡು ಕೇಳಿದ:

"ನಿಮ್ಮ ಗಾಡ್ಯಾಗ ಎಸಿ ಅದನ್ರಿ?"

"ಅದ."

"ಮತ್ತ! ಹಂಗಿದ್ರ ಇದಾ ನಡೀತದ, ತಗೋರಿ."

ಸೋರಿದರೆ ಬರ್ತಾರ

ಬಾಯಿ ಅರಳಿಸುವುದರಲ್ಲೂ ಬೇರೆ ಬೇರೆ ನಮೂನೆ ಇರುತ್ತವೆ. ನನ್ನ ಕಾರಿಗೆ ಯಾವುದು ಎಂದು ಒಂದು ಮಾತು ಖಾತ್ರಿ ಮಾಡಿಕೊಳ್ಳೋಣವೆಂದು ನಮ್ಮೂರ ಮೆಕಾನಿಕ್ಕನ ಹತ್ತಿರ ಹೋದೆ. ಬೈಸಿಕೊಳ್ಳಲಿಕ್ಕೇ ಹೋದಂತಾಯಿತು.

"ನೀವಾ ಮಾಡ್ಕೋತೀರಿ? ನಾ ಯಾವತ್ತರ ನಿಮ್ಮ ಸಾಲಿಗಿ ಬಂದು ಪಾಠ ಮಾಡೀನೇನ್ರಿ ಸರ?"

ತಪ್ಪಾಯಿತು ಅಂತ ಸಮಾಧಾನ ಮಾಡಿ, ನೀನು ಯಾವ ಟೂಲಿನಿಂದ ಮಾಡುತ್ತೀ, ಅದನ್ನಾದರೂ ತೋರಿಸು ಅಂದೆ. ಅವನು ಹೆಮ್ಮೆಯಿಂದ ಚೂಪು ತುದಿಯ ಒಂದು ಕಬ್ಬಿಣದ ತುಂಡನ್ನೂ ಸುತ್ತಿಗೆಯನ್ನೂ ತೋರಿಸಿದ. ಪೈಪನ್ನು ಇಕ್ಕಳದಲ್ಲಿ ಹಿಡಿದು, ಆ ತುಂಡನ್ನು ಬಾಯಿಗಿಟ್ಟು ಬಡಿಯುವುದಂತೆ. ನಾನು ಹೌಹಾರಿದೆ. ಮಂದಿ ಹೆಂಡರು ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿಗಳಿಗೆ ಈ ಗತಿ!

"ಹಿಂಗ ಬಡದ್ರ ಸೋರಂಗಿಲ್ಲೇನೋ?"

"ಸೋರತಾವ್ರಿ."

"ಮತ್ತ?"

"ಸೋರಿದ್ರ ತಿರಗಿ ಬರ್ತಾರಲ್ರಿ. ನಿಮ್ಮಂಗ ಮಾಡಿದ್ರ ನಮ್ಮ ಅಂಗಡಿ ಹ್ಯಾಂಗ ನಡೀಬೇಕ್ರಿ?"

ದೊಡ್ಡದ ತಗೋರಿ

ಕೊನೆಗೆ ಮೊಬೈಲಿನಲ್ಲೇ ತರಿಸೋಣವೆಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ಸಣ್ಣ ಸೆಟ್ಟು, ನನ್ನ ಪೈಪಿನ ಅಳತೆಗೆ ಸರಿಯಾದದ್ದು. ಇನ್ನೊಂದು ದೊಡ್ಡ ಪೆಟ್ಟಿಗೆ, ತರಾವರಿ ಅಳತೆಯದು. ಮಗ್ಗುಲ ಮನೆಯವನು ಬಂದು ಹೆಗಲ ಮೇಲಿಂದ ಇಣುಕಿದ. ಅವನದು ಸಗರದಲ್ಲಿ ಹತ್ತಿ ಹೊಲ.

"ದೊಡ್ಡದ ತಗೋರಿ ಸರ," ಎಂದ.

"ಯಾಕ್ರಿ? ಕಾರಿನ ಪೈಪು ಸಣ್ಣದದ."

"ಕಾರಿಂದು ಸಣ್ಣದದ್ರಿ. ನಮ್ಮ ಔಷಧ ಹೊಡಿಯೂ ಪಂಪಿನ ಪೈಪು ದಪ್ಪ ಅದ."

ಇನ್ನೂ ತರಿಸಿಯೇ ಇಲ್ಲ, ಆಗಲೇ ಕಡ ಕೇಳುವುದೂ ಆಯಿತು! ಮೈಯೆಲ್ಲ ಉರಿಯಿತು. ಒಳಗಿನಿಂದ ನನ್ನ ಹೆಂಡತಿ, "ಅಣ್ಣಾರು ಹೇಳೂದು ಖರೇ ಅದ. ನಾಕ ಮಂದಿಗಿ ಉಪಯೋಗ ಆಗೂದು ತರಸ್ರಿ," ಅಂದಳು. ನಾನು ಹಟಕ್ಕೆ ಬಿದ್ದು ಅವನ ಕಣ್ಣೆದುರೇ ಸಣ್ಣದನ್ನು ತರಿಸಲು ಒತ್ತಿದೆ.

ಅವನು ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ ಸರ, ಓಣ್ಯಾಗ ಬ್ಯಾರೆ ಯಾರರ ದೊಡ್ಡದು ತರಸೂತನ ತಡೀತೀನಿ," ಎಂದ, ನನ್ನನ್ನು ಕ್ಷಮಿಸಿದವನ ಹಾಗೆ.

ದೇವರ ಮುಂದಿನ ಟೂಲು

ಪಾರ್ಸೆಲ್ಲು ಬರಬೇಕಾದ ದಿನ ಬರದೆ, ಸರಿಯಾಗಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಜಾನೆ ಬಂತು. ನಾನು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಹುಡುಕಿದರೆ ನನ್ನ ಟೂಲು ದೇವರ ಜಗಲಿಯ ಮೇಲೆ ಕುಡಗೋಲು, ಈಳಿಗೆ, ನಟ್ಟು ಬಿಚ್ಚುವ ಪಾನಾಗಳಿಗಿಂತ ಮುಂದೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡುಹೂವು ಏರಿಸಿಕೊಂಡು ಕೂತಿತ್ತು! ಪೂಜೆಗಿಟ್ಟ ಹತ್ಯಾರನ್ನು ನೈವೇದ್ಯ ತೋರಿಸಿ ಕದಲಿಸುವತನಕ ಯಾರೂ ಮುಟ್ಟುವಂತಿಲ್ಲ. ಅದು ನಮ್ಮ ಕಡೆಯ ಪದ್ಧತಿ.

"ಯಾವಾಗ ಕದಲಸ್ತಿ?" ಎಂದು ಹಲ್ಲು ಕಡಿದೆ.

"ನಾಳಿಗಿ, ಬನ್ನಿ ಕೊಟ್ಟು ಬಂದ ಮ್ಯಾಲ."

"ಬನ್ನಿ ಕೊಡಾಕ ಹೋಗಾಕ ಕಾರ್ ಬೇಕು. ಕಾರಿಗಿ ಬ್ರೇಕ್ ಬೇಕು. ಬ್ರೇಕಿಗಿ ಅದಾ ಬೇಕು! ನಾಳಿಗಿ ಹೋಗಲಿಲ್ಲಂದ್ರ ಗುಜರಿಗಿ ಹಾಕ್ತೀನಂದಾಕಿ ನೀನಾ!"

"ಹೌದ್ರಿ. ಅದಕ್ಕಾ ಬ್ರೇಕ್ ಲಗೂ ಆಗ್ಲಿ ಅಂತ ಎಲ್ಲಾದಕ್ಕಿಂತ ಮುಂದ ಇಟ್ಟೀನಿ."

ಕುರಿ ಮತ್ತು ಹುಗ್ಗಿ

ಮರುದಿನ ಮುಂಜಾನೆಯೇ ನೈವೇದ್ಯ ತೋರಿಸಿ ಕದಲಿಸುವಂತೆ ಮಾಡಲು ನಾನು ಪಟ್ಟ ಪಾಡು ಕೇಳಬೇಡಿ. ಕುಂಕುಮ ಒರೆಸಿ ಕಾರಿನ ಕೆಳಗೆ ತೂರಿಕೊಂಡೆ. ಮೊದಲು ಒಂದು ಬಿಡಿ ತುಂಡಿಗೆ ಬಾಯಿ ಮಾಡಿ ನೋಡಿ, ಆಮೇಲೆ ಪೈಪಿಗೆ ಮಾಡಿದೆ. ಎರಡು ಪದರ, ಸುತ್ತ ಒಂದೇ ಸಮ, ಎಲ್ಲೂ ಸೀಳಿಲ್ಲ! ಮಗ್ಗುಲ ಮನೆಯವನು ಪೆಡಲು ಒತ್ತಿಕೊಟ್ಟ, ನಾನು ಪೈಪಿನೊಳಗಿನ ಗಾಳಿ ತೆಗೆದೆ. ಶಾಲೆಯ ಬಯಲಿನಲ್ಲಿ ಸುತ್ತಿಸಿ ಸುತ್ತಿಸಿ ಬ್ರೇಕು ಹಾಕಿ ನೋಡಿದೆ. ಒಂದು ಹನಿ ಸೋರಲಿಲ್ಲ. ಯಾದಗಿರಿಯ ಅಂಗಡಿಯವನನ್ನೂ ನಮ್ಮ ಮೆಕಾನಿಕ್ಕನನ್ನೂ ಎಳೆದು ತಂದು ತೋರಿಸಬೇಕು ಅನ್ನಿಸಿತು.

ಸಂಜೆ ಮುಂದೆ ಸುರಪುರದ ದಾರಿ ಹಿಡಿದು ಬೋನಾಳಕ್ಕೆ, ಅವಳ ತವರಿಗೆ ಹೊರಟೆವು. ಮುಂದಿನ ಸೀಟಿನಲ್ಲಿ ಇಳಕಲ್ ಸೀರೆ ಉಟ್ಟ ಅವಳು, ಅವಳ ತೊಡೆಯ ಮೇಲೆ ತವರಿಗೆಂದು ಮಾಡಿದ ಗೋಧಿ ಹುಗ್ಗಿಯ ಡಬರಿ. ಊರು ಇನ್ನೇನು ಬಂತು ಅನ್ನುವಾಗ ಜಾಲಿ ಗಿಡಗಳ ಸಂದಿಯಿಂದ ಕುರಿಹಿಂಡು ಧುತ್ತನೆ ರಸ್ತೆಗೆ ನುಗ್ಗಿತು. ಬ್ರೇಕಿನ ಮೇಲೆ ಕಾಲು ಒತ್ತಿದೆ.

ಕಾರು ಗಕ್ಕನೆ ನಿಂತಿತು. ಒಂದು ಕುರಿಯ ಕೂದಲೂ ಕೊಂಕಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಗುಜರಿಯ ಮಾತು ಇಲ್ಲಿಗೆ ಮುಗಿಯಿತು ಅಂದುಕೊಂಡು, ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ಅವಳ ಕಡೆ ತಿರುಗಿದೆ.

ಡಬರಿ ಬೋರಲಾಗಿತ್ತು. ಹುಗ್ಗಿ ಗಾಜಿನ ಮೇಲೆ, ಗೇರಿನ ಮೇಲೆ, ಸೀರೆಯ ತುಂಬ. ಅವಳು ಮೂಗಿನ ಮೇಲಿನದನ್ನು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಇದೆಂಥಾ ಬ್ರೇಕ್ ಮಾಡೀರಿ? ಆ ಸೋರೂ ಬ್ರೇಕ್ ಇದ್ದಾಗ ಒಂದ್ ದಿನನಾದ್ರೂ ಹುಗ್ಗಿ ಚೆಲ್ಲಿತ್ತೇನ್ರಿ?"