ಆದರ್ಶ ಪೋಷಕನ ಶಾಲು

ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಚಿಕ್ಕಸ್ವಾಮಿಗೆ ಅನ್ನ ಹಾಕುತ್ತಿದ್ದುದು ಎರಡು ಎಮ್ಮೆ, ಮಾನ ಕಳೆದದ್ದು ಒಂದು ವಿಷಲ್ಲು.

ಹೋದ ವರ್ಷ ಪಾಂಡವಪುರದಲ್ಲಿ ಖೊಖೊ ಪಂದ್ಯ. ಮಗಳು ರಂಜಿತ ಔಟೆಂದು ಅಂಪೈರು ವಿಷಲ್ ಊದಿದ. ಊದಿದ್ದೇ ತಡ, ನಮ್ಮ ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿ ಅಂಕಣಕ್ಕೇ ನುಗ್ಗಿದ. "ಲೇ, ಕಣ್ ಕಾಣಕ್ಕಿಲ್ಲ ಅಂದ್ರೆ ವಿಷಲ್ ಯಾಕ್ಲಾ ಊದೀಯೆ? ಓಗಿ ನಿಮ್ಮೂರ ಕುರಿ ಕಾಯಿ, ಓಗು!" ಅಂತ ಆ ಮನುಷ್ಯನ ಕೊರಳ ದಾರಕ್ಕೆ ಕೈ ಹಾಕಿ ವಿಷಲ್ ಕಿತ್ತುಕೊಂಡ. ಇಡೀ ತಂಡವನ್ನು ಮನೆಗೆ ಕಳಿಸಿದರು. ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸಲು ಬಂದಿದ್ದವರು ರಂಜಿತಳ ಕಡೆ ತಿರುಗಿಯೂ ನೋಡಲಿಲ್ಲ.

ಊರಲ್ಲಿ ಮಾತ್ರ ಅದು ದೊಡ್ಡ ಪರಾಕ್ರಮವಾಯಿತು. ಡೈರಿಗೆ ಹಾಲು ಹಾಕಲು ಹೋದಾಗ ಚಿಕ್ಕಸ್ವಾಮಿ ಆ ಮಾತನ್ನು ಕೈ ಆಡಿಸಿ ಆಡಿಸಿ ಹೇಳುತ್ತಿದ್ದ. ನೆಂಟರು ಬಂದರೆ ಎದ್ದು ನಿಂತು ಪಂಚೆ ಕಟ್ಟಿ ತೋರಿಸುತ್ತಿದ್ದ. ರಂಜಿತ ಒಳಗೆ ಸೊಪ್ಪು ಸೋಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಈ ಸಲ ಪಂದ್ಯ ನಾಗಮಂಗಲದಲ್ಲಿ. ಇದೊಂದು ತಪ್ಪಿದರೆ ಹಾಸ್ಟೆಲ್ಲಿಗೆ ಹುಡುಗಿಯ ವಯಸ್ಸು ಮೀರುತ್ತದೆ. ಬೆಳಿಗ್ಗೆ ಶೂ ಕೈಯಲ್ಲಿ ಹಿಡಿದು ರಂಜಿತ ಅಪ್ಪನ ಮುಂದೆ ನಿಂತಳು.

"ಅಪ್ಪ, ನೀ ಬರಬ್ಯಾಡ."

"ಬರ್ದೇ ಇರಕ್ಕಾಯ್ತದಾ? ಬಾಯೇ ಬುಡಕ್ಕಿಲ್ಲ ಕಣವ್ವ, ನಿನ್ನಾಣೆ."

"ಓದ್ ವರ್ಸಾನೂ ನನ್ ಮ್ಯಾಲೇ ಆಣೆ ಇಟ್ಟಿದ್ದೆ."

ಹೆಂಡತಿ ಸೋಮಮ್ಮ ನಡುವೆ ಬಂದು ಎಲೆ ಅಡಿಕೆ ಚೀಲ ಗಂಡನ ಕೈಗೆ ಕೊಟ್ಟಳು. "ನಿಮ್ ನಾಲ್ಗೆ ನಂಬ್ಕಂಡು ಓಗಬ್ಯಾಡಿ. ಬಾಯ್ತುಂಬ ಎಲಡ್ಕೆ ಆಕ್ಕಂಡು ಕುಂತ್ಕಳಿ. ಸ್ಕೂಲ್ ಮೈದಾನ, ಉಗುಳಕ್ಕೂ ಬುಡಕ್ಕಿಲ್ಲ. ಮಾತೂ ಬರಕ್ಕಿಲ್ಲ."

ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಸಿದ್ದರಾಮು ಅವನನ್ನು ಕಂಡವರೇ ಕೈ ಮುಗಿದರು. "ಚಿಕ್ಕಸ್ವಾಮಣ್ಣ, ಇವತ್ತೊಂದಿನ ಸುಮ್ಕಿದ್ಬುಡಿ. ಬಯ್ಯೋ ಕೆಲ್ಸ ನಾನ್ ನೋಡ್ಕತೀನಿ."

ನೋಡಿಕೊಂಡರು, ಅದರಲ್ಲಿ ಮೋಸವಿಲ್ಲ. ತಮ್ಮ ಹುಡುಗಿಯರಿಗೆ "ಎಮ್ಮೆಗಳಾ" ಅಂದರು, ಎದುರಿನವರಿಗೆ ಅದಕ್ಕಿಂತ ದಪ್ಪದ್ದು ಅಂದರು, ಗೆರೆ ಎಳೆದ ಸುಣ್ಣಕ್ಕೂ ಬೈದರು. 'ಶಿಸ್ತೇ ಕ್ರೀಡೆಯ ಉಸಿರು' ಎಂದು ಬರೆದ ಗೋಡೆಗೆ ಒರಗಿಕೊಂಡೇ ಬೈದರು.

ಚಿಕ್ಕಸ್ವಾಮಿ ಬಾಯ್ತುಂಬ ಎಲಡಿಕೆ ತುಂಬಿಕೊಂಡು ಶಾಮಿಯಾನದಲ್ಲಿ ಕೂತ. ಪಕ್ಕದಲ್ಲೇ ನೆರೆಮನೆಯ ಮಂಚಯ್ಯ. ಈತನಿಗೆ ಖೊಖೊ ಗೊತ್ತಿಲ್ಲ. ಚಿಕ್ಕಸ್ವಾಮಿಯ ಜಗಳ ನೋಡಲೆಂದೇ ಟೆಂಪೋ ಹತ್ತಿ ಬಂದಿದ್ದ.

ಅಷ್ಟರಲ್ಲಿ ನಾಗಮಂಗಲದ ಪಂದ್ಯ ಸಮಿತಿಯ ಅಧ್ಯಕ್ಷ ಚೌಡಯ್ಯನವರು ಮೈಕು ಹಿಡಿದರು. ಹೋದ ವರ್ಷದ ಜಗಳವನ್ನು ಅವರು ಕಂಡವರಲ್ಲ. ಪ್ರತಿವರ್ಷ ಮಕ್ಕಳ ಆಟಕ್ಕಿಂತ ಹೆತ್ತವರ ಹೊಡೆದಾಟ ಬಿಡಿಸುವುದೇ ಹೆಚ್ಚಾಗಿದೆಯೆಂದೂ, ಆದ್ದರಿಂದ ಈ ಸಲ ಶಾಂತವಾಗಿ ಕೂತು ಆಟ ನೋಡುವ ಒಬ್ಬರಿಗೆ 'ಆದರ್ಶ ಪೋಷಕ' ಎಂದು ಶಾಲು ಹೊದಿಸುವುದಾಗಿಯೂ ಸಾರಿದರು.

ಮೊದಲ ಪಂದ್ಯ ಶ್ರೀರಂಗಪಟ್ಟಣದ ಮೇಲೆ. ಓಡುತ್ತಿದ್ದ ರಂಜಿತಳನ್ನು ಎದುರಾಳಿ ಹುಡುಗಿ ಸರಿಯಾಗೇ ತಳ್ಳಿದಳು. ರಂಜಿತಳ ಮೊಣಕಾಲ ಚರ್ಮ ಕಿತ್ತುಹೋಯಿತು. ಅಂಪೈರು ವಿಷಲ್ ಊದಲಿಲ್ಲ.

"ನೋಡ್ಲಾ, ನಿನ್ ಮಗೀನ ಕೆಡವಿದ್ರು ಕಣ್ಲಾ!" ಮಂಚಯ್ಯ ತಿವಿದ. "ಎಂಗ್ಲಾ ಸುಮ್ಕೆ ಕುಂತಿದ್ದೀಯೆ? ಓದ್ ವರ್ಸದ ಗಂಡ್ಸು ನೀನೇಯಾ?"

ಚಿಕ್ಕಸ್ವಾಮಿಯ ಹೊಟ್ಟೆಯಿಂದ ಒಂದು ಬೈಗುಳ ಹೊರಟು ಗಂಟಲಿಗೆ ಬಂದು ಎಲಡಿಕೆಗೆ ಡಿಕ್ಕಿ ಹೊಡೆದು ನಿಂತಿತು. ಬಾಯಿ ತೆರೆದರೆ ಮುಂದೆ ಕೂತ ಹೆಂಗಸಿನ ಬಿಳಿ ಸೀರೆ ಕೆಂಪಾಗುತ್ತಿತ್ತು. ರಸವನ್ನೆಲ್ಲ ಗಟಗಟ ನುಂಗಿದ. ಅಡಿಕೆ ಸೊಕ್ಕಿ ತಲೆ ಗಿರ್ರೆಂದಿತು, ಬೆವರು ಕಿತ್ತುಬಂತು, ಕಣ್ಣಲ್ಲಿ ನೀರು ಸುರಿಯಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಾಡದೆ ಕೂತ.

ವೇದಿಕೆಯ ಮೇಲಿದ್ದ ಚೌಡಯ್ಯನವರಿಗೆ ಕಂಡದ್ದೇ ಬೇರೆ. "ಮಗಳು ಬಿದ್ದರೂ ಕಣ್ಣೀರು ನುಂಗಿಕೊಂಡು ಕೂತಿದ್ದಾರಲ್ರೀ! ಸಂತ ಕಣ್ರೀ ಈ ಮನುಷ್ಯ," ಅಂದರು ಪಕ್ಕದ ಮೇಡಂಗೆ. ಆ ಮೇಡಂ ಈ ವರ್ಷ ಹಾಸ್ಟೆಲ್ಲಿಗೆ ಆರಿಸಲು ಹೊಸದಾಗಿ ಬಂದವರು. ಅವರೂ ಹೌದೆಂದು ತಲೆದೂಗಿದರು.

ರಂಜಿತ ರಕ್ತ ಒರೆಸಿಕೊಂಡು ಎದ್ದು ಆಡಿದಳು. ಆಡಿದಳೆಂದರೆ ಸುಮ್ಮನೆ ಆಟವಲ್ಲ, ಹಿಡಿಯಲು ಬಂದವರ ಕೈಗೆ ಗಾಳಿಯಷ್ಟೇ ಸಿಕ್ಕಿತು. ಕೆ.ಆರ್.ಪೇಟೆ ಫೈನಲ್ಲಿಗೆ ಬಂತು. ಎದುರು ಪಾಂಡವಪುರ.

ಫೈನಲ್ಲಿನ ನಡುವೆ ಬಿಡುವು ಕೊಟ್ಟಾಗ ಮೈಕಿನಲ್ಲಿ ಚಿಕ್ಕಸ್ವಾಮಿಯ ಹೆಸರು ಕೂಗಿದರು. ಓಡಿಹೋಗಿ ಕಾಂಪೌಂಡಿನ ಆಚೆ ಉಗುಳಿ, ಬಾಯಿ ಮುಕ್ಕಳಿಸಿ ವೇದಿಕೆ ಹತ್ತಿದ. ಹೆಗಲಿಗೆ ಶಾಲು, ತಲೆಗೆ ಪೇಟ. ಎರಡು ಮಾತಾಡಿ ಅಂದರು.

ಬೆಳಿಗ್ಗೆಯಿಂದ ಕಟ್ಟಿಹಾಕಿದ್ದ ನಾಲಿಗೆ, ಕೇಳಬೇಕೆ! "ದೊಡ್ಡೋರು ನಾವ್ ಎಂಗಿರ್ತೀವೋ ಮಕ್ಳೂ ಅಂಗೇ ಆಯ್ತವೆ ಸಾ. ನಮ್ಮನೇಲಿ ಒಂದ್ ಜೋರ್ ಮಾತಿಲ್ಲ. ನೋಡ್ ನೋಡ್ತಾನೆ ನನ್ ಮಗಳು ಎಲ್ಲಾ ಕಲ್ತವಳೆ." ಚಪ್ಪಾಳೆಯೋ ಚಪ್ಪಾಳೆ. ಮೇಡಂ ಕೂಡ ತಟ್ಟಿದರು. ಚಿಕ್ಕಸ್ವಾಮಿಗೆ ತನ್ನ ಮಾತು ಪೂರಾ ನಿಜವೆಂದೇ ಅನ್ನಿಸಿಬಿಟ್ಟಿತು. ವೇದಿಕೆಯ ಮೇಲೇ ಒಂದು ಕುರ್ಚಿ ಹಾಕಿಸಿಕೊಂಡ.

ಆಟ ಮತ್ತೆ ಶುರುವಾಯಿತು. ಕೊನೆಯಲ್ಲಿ ಉಳಿದವಳು ರಂಜಿತ ಒಬ್ಬಳೇ. ಇನ್ನೊಂದು ಚೂರು ಹೊತ್ತು ಸಿಕ್ಕದೆ ಓಡಿದರೆ ಕಪ್ಪು ಕೆ.ಆರ್.ಪೇಟೆಗೆ. ಕಂಬದ ಹತ್ತಿರ ಒಬ್ಬಳು ಹಾರಿ ಕೈ ಚಾಚಿದಳು. ತಾಗಿತೋ ಇಲ್ಲವೋ ದೇವರೇ ಬಲ್ಲ. ಅಂಪೈರು ವಿಷಲ್ ಊದಿ ಔಟೆಂದ.

ರಂಜಿತ ಗಕ್ಕನೆ ನಿಂತು ತಿರುಗಿದಳು. ಹಾಕಿದ್ದು ಚಡ್ಡಿ, ಆದರೂ ಎರಡೂ ಕೈ ಪಂಚೆ ಎತ್ತಿ ಕಟ್ಟುವಂತೆ ಸೊಂಟಕ್ಕೆ ಹೋದವು. ಚಿಕ್ಕಸ್ವಾಮಿ ಕುರ್ಚಿಯಿಂದ ಅರ್ಧ ಎದ್ದ.

"ಲೇ, ಕಣ್ ಕಾಣಕ್ಕಿಲ್ಲ ಅಂದ್ರೆ ವಿಷಲ್ ಯಾಕ್ಲಾ ಊದೀಯೆ? ಓಗಿ ನಿಮ್ಮೂರ ಕುರಿ ಕಾಯಿ, ಓಗು!"

ಅಂತ ಅಂಪೈರನ ಕೊರಳ ದಾರಕ್ಕೆ ಕೈ ಹಾಕಿ ವಿಷಲ್ ಕಿತ್ತುಕೊಂಡಳು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹುಡುಗಿಯನ್ನು ವೇದಿಕೆಯ ಮುಂದೆ ತಂದು ನಿಲ್ಲಿಸಿದರು. ತಾನೇನು ಮಾಡಿದೆನೆಂದು ಅವಳಿಗೇ ಗೊತ್ತಾದಂತಿರಲಿಲ್ಲ, ವಿಷಲ್ ಇನ್ನೂ ಕೈಯಲ್ಲೇ ಇತ್ತು. "ನಾನ್ ಇವಕ್ಕೆ ಶಿಸ್ತು ಕಲ್ಸೀ ಕಲ್ಸೀ ಸಾಕಾಗ್ಬುಟ್ಟೆ ಸಾ," ಅಂತ ಸಿದ್ದರಾಮು ಮೇಷ್ಟ್ರು ಎಲ್ಲರಿಗಿಂತ ಮೊದಲೇ ಹೇಳಿದರು. "ಇಂಥ ತಂದೆಗೆ ಇಂಥ ಮಗಳಾ!" ಅಂತ ಚೌಡಯ್ಯನವರು ಚಿಕ್ಕಸ್ವಾಮಿಯ ಬೆನ್ನು ಸವರಿ ಸಮಾಧಾನ ಮಾಡಿದರು.

ಮೇಡಂ ಕೆಳಗಿಳಿದು ಬಂದರು. "ಇಷ್ಟು ಚೆನ್ನಾಗಿ ಆಡೋ ಹುಡುಗಿ ನೀನು. ಈ ಮಾತು ನಿನ್ನದಲ್ಲ ಅನ್ಸುತ್ತೆ. ಯಾರು ಕಲಿಸಿದ್ದು ಹೇಳು, ಇನ್ನೊಂದ್ಸಲ ಯೋಚನೆ ಮಾಡ್ತೀನಿ."

ರಂಜಿತ ಅಪ್ಪನನ್ನು ನೋಡಿದಳು. ಮೇಷ್ಟ್ರು ಆಕಾಶ ನೋಡಿದರು. ಮಂಚಯ್ಯ ಟೆಂಪೋ ನಿಂತ ಕಡೆ ತಿರುಗಿದ. "ನಾನೇ ಮೇಡಂ" ಅಂದಿದ್ದರೆ ಸಾಕಿತ್ತು. ಬಾಯಲ್ಲಿ ಎಲಡಿಕೆ ಚೂರೂ ಇರಲಿಲ್ಲ. ಚಿಕ್ಕಸ್ವಾಮಿ ಜಾರುತ್ತಿದ್ದ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ನೆಲ ನೋಡಿದ.

ರಂಜಿತ ವಿಷಲ್ಲನ್ನು ಮೇಡಂ ಕೈಗೆ ಕೊಟ್ಟಳು.

"ಟೀವಿ ನೋಡಿ ಕಲ್ತೆ ಮೇಡಂ," ಅಂದಳು.

ಮೇಡಂ ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿ ಪಾಂಡವಪುರದ ಹುಡುಗಿಯರ ಕಡೆ ನಡೆದರು.

ಸಂಜೆ ಟೆಂಪೋ ಇಳಿದು ಮನೆಗೆ ಬಂದರು. ಬಾಗಿಲಲ್ಲೇ ಕಾಯುತ್ತಿದ್ದ ಸೋಮಮ್ಮ ಗಂಡನ ಪೇಟ, ಶಾಲು ನೋಡಿ ಬೆರಗಾದಳು. "ಅಯ್ಯೋ, ಇದೇನಮ್ಮಿ! ನಿಮ್ಮಪ್ಪಂಗೆ ಯಾಕ್ ಕೊಟ್ರು ಇದ್ನ?"

ರಂಜಿತ ಶೂ ಬಿಚ್ಚಿ ಮೂಲೆಗೆಸೆದಳು.

"ಬಾಯ್ ಮುಚ್ಕಂಡಿದ್ದಕ್ಕೆ ಕಣವ್ವ."