ಗಂಡಿಕೋಟೆಯ ಕೊಳ್ಳದಲ್ಲಿ ಗಂಡನ ಹೆಸರು

ಎಲೈ ವಾಗ್ದೇವಿಯೇ, ಬಂದು ಈ ಬಡಪಾಯಿಯ ನಾಲಗೆಯ ತುದಿಯಲ್ಲಿ ತುಸುಹೊತ್ತು ಕುಳಿತುಕೋ. ಕಡಲು ಹಾರಿದವರ ಕಥೆಯನ್ನು, ಕೋಟೆ ಕೆಡವಿದವರ ಕಥೆಯನ್ನು ನೀನು ಬೇಕಾದಷ್ಟು ಜನರಿಂದ ಹಾಡಿಸಿದ್ದೀಯೆ. ಇಂದು ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಒಮ್ಮೆ ಕೇಳಬೇಕೆಂದು ಕೊಪ್ಪಳದಿಂದ ಆಂಧ್ರದ ಬೆಂಗಾಡಿನವರೆಗೆ ರಥ ಓಡಿಸಿದ ಒಬ್ಬ ವೀರನ ಕಥೆಯನ್ನು ಹೇಳಿಸು.

ಮೊಬೈಲಿನೊಳಗಿನ ಹೆಣ್ಣುದನಿಯೊಂದು ಎಡಕ್ಕೆ ತಿರುಗೆಂದರೆ ಮಹಾಮಹಾ ಗಂಡಸರೂ ತುಟಿಪಿಟಕ್ಕೆನ್ನದೆ ಎಡಕ್ಕೆ ತಿರುಗುವ ಈ ವಿನಮ್ರ ಯುಗದಲ್ಲಿ, ಕೊಪ್ಪಳವೆಂಬ ಪಟ್ಟಣದಲ್ಲಿ, ಸ್ಟೀಲ್‌ಪಾತ್ರೆಯಂಗಡಿಯ ಏಕಚ್ಛತ್ರಾಧಿಪತಿಯೂ, ಕುಕ್ಕರ್-ಕೊಡ-ಕೊಳಗ-ಕೋಟಿ-ಪರಿವೇಷ್ಟಿತನೂ, ಗಿರಾಕಿಗಳ ಚೌಕಾಶಿಗೆ ಎಂದೂ ಎದೆಗುಂದದವನೂ, ಆದರೆ ಚಳಿಗಾಲದ ಮೊದಲ ಗಾಳಿಗೇ ಸೀನಿ ಸೀನಿ ಸುಸ್ತಾಗುವವನೂ ಆದ ಗವಿಸಿದ್ದಪ್ಪನೆಂಬ ವೀರನಿದ್ದನು. ಅವನ ಅರ್ಧಾಂಗಿ ದಾಕ್ಷಾಯಣಿ, ಸರಕಾರಿ ಶಾಲೆಯ ಶಿಕ್ಷಕಿ, ದುಷ್ಟ-ಬಾಲಕ-ಗರ್ವ-ಭಂಜಿನಿ. ಗದ್ದಲವೆದ್ದ ತರಗತಿಯನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕು, ಗೋಡೆಯ ಹಲ್ಲಿಯೂ ಲೊಚಗುಟ್ಟುತ್ತಿರಲಿಲ್ಲ.

ಈ ವೀರಾಂಗನೆಗೊಂದು ವ್ರತವಿತ್ತು. ಅವಳ ತಾಯಿಯಾಗಲಿ, ತಾಯಿಯ ತಾಯಿಯಾಗಲಿ ಗಂಡನ ಹೆಸರನ್ನು ಬಾಯಿಗೆ ತಂದವರಲ್ಲ, ಅವಳೂ ತರಳು. ಕೊಪ್ಪಳದಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಯಾರಾದರೊಬ್ಬ ಗವಿಸಿದ್ದಪ್ಪನಿಗೆ ತಾಗುತ್ತದೆ. ಅವಳ ತರಗತಿಯಲ್ಲೇ ಆ ಹೆಸರಿನವರು ಮೂವರು. ಹಾಜರಿ ಕರೆಯುವಾಗ ಉಳಿದವರಿಗೆಲ್ಲ ಹೆಸರು, ಆ ಮೂವರಿಗೆ ಮಾತ್ರ ನಂಬರು. ತಾವೇನೋ ಘೋರ ತಪ್ಪು ಮಾಡಿದ್ದೇವೆಂದು ತಿಳಿದು ಆ ಮೂವರೂ ವರ್ಷವಿಡೀ ಬಲು ಸಭ್ಯರಾಗಿ ಕುಳಿತರು.

ಮದುವೆಯ ದಿನ ಒಮ್ಮೆ ಮಾತ್ರ, ಹಿರಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿದರಷ್ಟೇ ಒಳಗೆ ಎಂದು ಪಟ್ಟು ಹಿಡಿದಾಗ, ಒಡಪಿನ ಪದ್ಯದಲ್ಲಿ ಹುದುಗಿಸಿ ಆ ಹೆಸರನ್ನು ಹೇಳಿದ್ದಳಂತೆ. ಅಂತೆ ಎನ್ನಲು ಕಾರಣವಿದೆ. ಅದೇ ಗಳಿಗೆಗೆ ಬ್ಯಾಂಡಿನವನು ತುತ್ತೂರಿ ಊದಿಬಿಟ್ಟ. ಬಾಗಿಲಲ್ಲಿದ್ದ ಹೆಂಗಸರಿಗೆ ಕೇಳಿಸಿದ್ದು ಪಕ್ಕದಲ್ಲೇ ನಿಂತ ವರನಿಗೆ ಕೇಳಿಸಲಿಲ್ಲ. ಆ ಕೊರಗು ಇಪ್ಪತ್ತೈದು ವರ್ಷ ಅವನ ಎದೆಯಲ್ಲಿ ತಳಹತ್ತಿದ ಪಾಯಸದಂತೆ ಅಂಟಿಕೊಂಡಿತ್ತು.

ಹೀಗಿರಲು ಒಬ್ಬ ಗಿರಾಕಿ ಗಂಡಿಕೋಟೆಯ ಸುದ್ದಿ ತಂದ. ಅಲ್ಲಿ ಪೆನ್ನಾ ನದಿ ಕೆಂಬಂಡೆಯ ಬೆಟ್ಟವನ್ನೇ ಸೀಳಿ ಕೊಳ್ಳ ಮಾಡಿದೆಯೆಂದೂ, ದಂಡೆಯಲ್ಲಿ ನಿಂತು ಒಮ್ಮೆ ಕೂಗಿದರೆ ಬಂಡೆಗಳು ಎರಡು ಸಲ ಮರುನುಡಿಯುತ್ತವೆಂದೂ ಬಣ್ಣಿಸಿದ. ವ್ಯಾಪಾರಿಯ ಬುದ್ಧಿ ಥಟ್ಟನೆ ಎಚ್ಚೆತ್ತಿತು. ಒಂದು ಕೊಂಡರೆ ಎರಡು ಉಚಿತ! ಬೆಳ್ಳಿಹಬ್ಬದ ಪ್ರವಾಸ ಅಲ್ಲಿಗೇ ಎಂದು ಗವಿಸಿದ್ದಪ್ಪ ಆ ಕ್ಷಣವೇ ನಿರ್ಧರಿಸಿದ.

ಡಿಸೆಂಬರಿನ ಒಂದು ಶನಿವಾರ, ಕೋಳಿ ಕೂಗುವ ಮೊದಲೇ, ಶ್ವೇತವರ್ಣದ ಚತುಶ್ಚಕ್ರ ರಥವು ಹೊರಟಿತು. ವೀರನು ಹಿಂದಿನ ದಿನವಷ್ಟೇ ಕೂದಲಿಗೆ ಕಪ್ಪು ಹಚ್ಚಿಸಿದ್ದನು. ವೀರಾಂಗನೆಯ ಮಡಿಲಲ್ಲಿ ಕಂದುಬಣ್ಣದ ಒಂದು ಉಣ್ಣೆಯ ಶಿರಸ್ತ್ರಾಣವಿತ್ತು. ಲೋಕ ಅದನ್ನು ಮಂಕಿ ಕ್ಯಾಪ್ ಎನ್ನುತ್ತದೆ. ಬಳ್ಳಾರಿ ದಾಟುವಷ್ಟರಲ್ಲಿ ಯುದ್ಧ ಶುರುವಾಯಿತು.

"ಟೊಪ್ಪಿಗಿ ಹಾಕ್ಕೊಳ್ರಿ. ಕಿವ್ಯಾಗ ಗಾಳಿ ಹೊಕ್ಕಿತಂದ್ರ ನರಳಾವ್ರು ನೀವು, ಎಣ್ಣಿ ಕಾಸಿ ಬಿಡಾಕಿ ನಾನು," ಎಂದಳು ದಾಕ್ಷಾಯಣಿ.

ಸ್ಟೀರಿಂಗನ್ನು ಗಾಂಡೀವದಂತೆ ಹಿಡಿದು ವೀರನು ಗರ್ಜಿಸಿದನು: "ಈ ತಲಿ ಏನಂತ ತಿಳಿದಿ? ಕೊಪ್ಪಳದ ಬ್ಯಾಸಿಗ್ಯಾಗ ಕಾದು ಕಾದು ಕಬ್ಬಿಣ ಆದ ತಲಿ! ಹಿಮಾಲಯದ ಗಾಳಿ ಬಂದ್ರೂ ಇದಕ್ಕ ಹಣಿ ಬಡಕೊಂಡು ವಾಪಸ್ ಹೋಗತೈತಿ. ಫೋಟೋದಾಗ ಕೂದಲಾ ಕಾಣಬೇಕು. ಇದನ್ನ ಹಾಕ್ಕೊಂಡು ಮಂಗ್ಯಾ ಆಗಲೇನು?"

"ಹಾಕ್ಕೊಂಡ ಮ್ಯಾಲೆ ಹೊಸದಾಗಿ ಏನ್ ಆಗೂದೈತಿ?"

ಉತ್ತರಿಸಲು ಬಾಯ್ತೆರೆದ ವೀರನಿಂದ ಮಾತಿನ ಬದಲು ಸೀನು ಹೊರಟಿತು. ಅದರ ರಭಸಕ್ಕೆ ಕೈ ತಾಗಿ, ಮಳೆಯೇ ಇಲ್ಲದ ಆ ಸೀಮೆಯಲ್ಲಿ ವೈಪರ್ ಓಡತೊಡಗಿತು.

ಗುತ್ತಿ ಹಿಂದೆ ಬಿತ್ತು. ಎಡಬಲದಲ್ಲಿ ಜಾಲಿಮುಳ್ಳು, ಒಣಹುಲ್ಲು, ಸುಟ್ಟಿಟ್ಟಿಗೆ ಬಣ್ಣದ ಗುಡ್ಡಗಳು. ಮರಳುಗಾಡಿಗೆ ಒಡಹುಟ್ಟಿದ ತಮ್ಮನಂತಿತ್ತು ಆ ನೆಲ. ತಾಡಿಪತ್ರಿಯ ಖಾನಾವಳಿಯೊಂದರಲ್ಲಿ, ಖಾರದ ಚಟ್ನಿಯಿಂದ ಧೈರ್ಯ ತಂದುಕೊಂಡು, ಗವಿಸಿದ್ದಪ್ಪ ತನ್ನ ಬಯಕೆಯನ್ನು ಹೊರಗಿಟ್ಟ. "ಕೊಳ್ಳದ ದಂಡ್ಯಾಗ ನಿಂತು ಒಂದ ಸಲ ನನ್ನ ಹೆಸರ ಹಿಡದು ಕರಿ. ಮತ್ತೇನೂ ಬ್ಯಾಡ ನನಗ."

ದೋಸೆ ಮುರಿಯುತ್ತಿದ್ದ ಕೈ ನಿಂತಿತು. ವೀರಾಂಗನೆ ತನ್ನ ವಂಶದ ಕೀರ್ತಿಯನ್ನು ಹೀಗೆ ಸಾರಿದಳು: "ಗುಂತಕಲ್ ಸ್ಟೇಷನ್ನಾಗ ನಮ್ಮಪ್ಪ ಬ್ಯಾರೆ ರೈಲು ಹತ್ತಿಬಿಟ್ಟಿದ್ದ. ನಮ್ಮವ್ವ ಪ್ಲಾಟ್‌ಫಾರ್ಮ್ ತುಂಬ ಓಡಿದ್ಳು, ಕೈ ಬೀಸಿದ್ಳು, ಆದ್ರ ಹೆಸರ ಹಿಡದು ಕರೀಲಿಲ್ಲ. ಅವ ಮದ್ರಾಸ್ ನೋಡಿಕೊಂಡು ಮರುದಿನ ಬಂದ. ಅಂಥಾಕಿ ಮಗಳು ನಾನು!"

ಮಧ್ಯಾಹ್ನದ ಮುನ್ನ ಗಂಡಿಕೋಟೆ ಬಂತು. ಹಾಳುಗೋಡೆ ದಾಟಿ, ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆದರೆ ನೆಲ ಅಲ್ಲಿಗೇ ಮುಗಿದುಹೋಗುತ್ತದೆ. ಕೆಳಗೆ, ಪದರ ಪದರವಾಗಿ ಜೋಡಿಸಿಟ್ಟ ಕೆಂಪು ಕಲ್ಲಿನ ಗೋಡೆಗಳ ನಡುವೆ, ಪೆನ್ನಾ ಹಸಿರಾಗಿ ಮಲಗಿತ್ತು. ಇಬ್ಬರೂ ಕ್ಷಣಕಾಲ ಜಗಳ ಮರೆತರು. ಬಳಿಕ ಕೊಳ್ಳದಿಂದೆದ್ದ ಒಣಗಾಳಿ ವೀರನ ಕಬ್ಬಿಣದ ತಲೆಯನ್ನು ಹುಡುಕಿಕೊಂಡು ಬಂತು. ಅವನು ಸೀನಿದ. ಮತ್ತೆ ಸೀನಿದ. ಸೀನುತ್ತಲೇ ಅಂಚಿನತ್ತ ಜಾರಿದ.

"ರೀ!" ಎಂದು ಕಿರುಚಿದಳು ದಾಕ್ಷಾಯಣಿ. ರಜೆಗೆಂದು ಬಂದಿದ್ದ ಕರ್ನಾಟಕದ ಗಂಡಂದಿರೆಲ್ಲ ಒಟ್ಟಿಗೇ ತಿರುಗಿದರು. ಅವಳ ಗಂಡನೊಬ್ಬನೇ ಸೀನುತ್ತಿದ್ದುದರಿಂದ ತಿರುಗಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಓಡಿಹೋಗಿ ತೋಳು ಹಿಡಿದು ಎಳೆದು, ಏದುಸಿರು ಬಿಡುತ್ತ ಸಂಧಾನದ ಮಾತಾಡಿದಳು.

"ಟೊಪ್ಪಿಗಿ ಹಾಕ್ಕೊಳ್ರಿ. ನಾ ಹೆಸರ ಕರೀತೀನಿ. ಒಂದ ಸಲ."

ಅಷ್ಟದಿಕ್ಪಾಲಕರ ಸಾಕ್ಷಿಯಾಗಿ ಒಪ್ಪಂದವಾಯಿತು. ದಾಕ್ಷಾಯಣಿ ಮೊದಲು ಅವನ ಎರಡು ಕಿವಿಗೂ ಹತ್ತಿ ತುರುಕಿದಳು. ಅದರ ಮೇಲೆ ಮಂಕಿ ಕ್ಯಾಪ್ ಎಳೆದಳು. ಅದರ ಮೇಲೆ ಮಫ್ಲರ್ ಬಿಗಿದಳು. ಮೂಗು ಮತ್ತು ಕಣ್ಣು ಮಾತ್ರ ಉಳಿದ ವೀರನು ಕೊಳ್ಳಕ್ಕೆ ಮುಖಮಾಡಿ, ಎರಡು ಕೈಗಳನ್ನೂ ಎದೆಗೆ ಕಟ್ಟಿ, ತನ್ನ ಹೆಸರಿಗಾಗಿ ಕಾದು ನಿಂತನು.

ಅವಳು ಸೆರಗು ಸರಿಮಾಡಿಕೊಂಡಳು. ಸುತ್ತ ನೋಡಿದಳು. ಕೆನ್ನೆ ಕೆಂಪಾಗಿತ್ತು. ಕಣ್ಣು ಮುಚ್ಚಿ, ಇಪ್ಪತ್ತೈದು ವರ್ಷದ ಬೀಗ ಮುರಿದು, ಶಾಲೆಯ ಮೈದಾನ ನಡುಗಿಸುವ ಆ ದನಿಯಲ್ಲಿ ಕೂಗಿದಳು.

"ಗವಿಸಿದ್ದಪ್ಪಾ!"

ಎದುರಿನ ಬಂಡೆ ಗವಿಸಿದ್ದಪ್ಪಾ ಎಂದಿತು. ಅದರಾಚೆಯ ಬಂಡೆ ಸಿದ್ದಪ್ಪಾ ಎಂದಿತು. ಗಿಳಿಗಳ ಹಿಂಡು ಚೀರುತ್ತ ಮೇಲೆದ್ದಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಬಾರೆಹಣ್ಣು ಮಾರುವ ತೆಲುಗಿನ ಮುದುಕಿ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು.

ವೀರನು ನಿಂತೇ ಇದ್ದನು. ಬಹಳ ಹೊತ್ತಿನ ಮೇಲೆ ತಿರುಗಿ ಕೇಳಿದನು:

"ಹೂಂ, ಕರಿ ಮತ್ತ. ಎಷ್ಟೊತ್ತು ನಿಂದರಲಿ?"

ದಾಕ್ಷಾಯಣಿ ನಗುತ್ತ ನಗುತ್ತ ಬಂಡೆಯ ಮೇಲೇ ಕುಳಿತುಬಿಟ್ಟಳು. ಸಂಗತಿ ತಿಳಿದ ವೀರನು ಟೊಪ್ಪಿಗೆ, ಹತ್ತಿ ಎಲ್ಲ ಕಿತ್ತು, "ಇನ್ನೊಮ್ಮೆ!" ಎಂದು ಅಂಗಲಾಚಿದನು. "ಒಂದ ಸಲ ಅಂದಿದ್ದೆ, ಆತು," ಎಂದಳು ಶಿಕ್ಷಕಿ. ಅಲ್ಲಿದ್ದ ಮೈಸೂರಿನ ಗಂಡನೊಬ್ಬ ಕನಿಕರಪಟ್ಟು, "ಬಿಡಿ ಸಾರ್, ನಾನೇ ಕೂಗ್ತೀನಿ," ಎಂದು ಬಾಯಿಗೆ ಕೈ ಅಡ್ಡಹಿಡಿದು ಆ ಹೆಸರನ್ನು ಕೂಗಿದ. ಬಂಡೆಗಳು ಚಾಚೂ ತಪ್ಪದೆ ಮರುನುಡಿದವು. ತನ್ನ ಹೆಸರು ಇಷ್ಟು ಸಪ್ಪೆಯಾಗಿದೆಯೆಂದು ಗವಿಸಿದ್ದಪ್ಪನಿಗೆ ಅಂದೇ ಗೊತ್ತಾದದ್ದು.

ಹಿಂದಿರುಗುವ ದಾರಿ ಹಿಡಿದರು. ಸೀನು ತಾಳದೆ ವೀರನು ತಾನಾಗಿಯೇ ಹತ್ತಿ, ಟೊಪ್ಪಿಗೆ, ಮಫ್ಲರ್ ಮೂರನ್ನೂ ಮತ್ತೆ ಧರಿಸಿದ್ದನು. ತಾಡಿಪತ್ರಿ ದಾಟಿದ ಮೇಲೆ ಪಕ್ಕಕ್ಕೆ ನೋಡಿದರೆ ಅವಳ ತುಟಿ ಅಲುಗುತ್ತಿದೆ! ರಥವನ್ನು ಜಾಲಿಮರದಡಿ ನಿಲ್ಲಿಸಿ, ಗರ್ಭಗುಡಿಯ ಬಾಗಿಲುಗಳನ್ನು ಒಂದೊಂದಾಗಿ ತೆರೆಯುವಂತೆ ಮಫ್ಲರ್ ಬಿಚ್ಚಿ, ಟೊಪ್ಪಿಗೆ ತೆಗೆದು, ಹತ್ತಿ ಕಿತ್ತು ಕೇಳಿದನು: "ಏನಂದಿ?"

"ಬಲಗಡೆ ಇಂಡಿಕೇಟರ್ ಆಗಿಂದ ಹತ್ತೇ ಐತಿ. ಬಂದ್ ಮಾಡ್ರಿ ಅಂದೆ."

ವೀರನು ನಿಟ್ಟುಸಿರಿಟ್ಟು ಇಂಡಿಕೇಟರಿನ ಕಡ್ಡಿಗೆ ಕೈ ಚಾಚಿದನು. ದಾಕ್ಷಾಯಣಿ ಕಿಟಕಿಯಾಚೆಯ ಗುಡ್ಡ ನೋಡುತ್ತ, ಸಂತೆಯಲ್ಲಿ ಮೆಂತ್ಯದ ರೇಟು ಕೇಳುವ ದನಿಯಲ್ಲಿ ಇನ್ನೊಮ್ಮೆ ಅಂದಳು.

"ಬಂದ್ ಮಾಡ್ರಿ, ಗವಿಸಿದ್ದಪ್ಪಾರ."

ಚಾಚಿದ ಕೈ ಚಾಚಿದಲ್ಲೇ ನಿಂತಿತು. ಅವನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲು ಇಲ್ಲದ ಸೀನನ್ನು ಸೀನಿದನು. ಇಂಡಿಕೇಟರ್ ಆರಿಸುವುದನ್ನು ಮರೆತು ಗಾಡಿ ಬಿಟ್ಟನು. ಬಲಕ್ಕೆ ತಿರುಗದೆ ಬಳ್ಳಾರಿಯವರೆಗೂ ಬಲಕ್ಕೆ ಮಿಣುಕುತ್ತ ಹೋದ ಆ ರಥವನ್ನು ಹಿಂದಿನ ಲಾರಿಯವರು ಎರಡೂ ಭಾಷೆಗಳಲ್ಲಿ ಬೈದರು. ಇನ್ನೊಮ್ಮೆ ಅಂದಾಳೆಂಬ ಆಸೆಗೆ ವೀರನು ಮನೆ ಮುಟ್ಟುವ ತನಕ ಟೊಪ್ಪಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅವನಿಗೆ ಜೋರು ಕಿವಿನೋವು. ದಾಕ್ಷಾಯಣಿ ಎಣ್ಣೆ ಕಾಸಿ ತಂದಳು. ಬಿಡುವಾಗ ಅವಳು ಹೇಳಿದ್ದು, "ರೀ, ಆ ಕಡೆ ಹೊಳ್ರಿ," ಎಂದಷ್ಟೇ.