ಒರೆಸಿ ಕಳಿಸಿದ ಬೆಂಡೆ ಎಲೆ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮಮದಾಪುರದ ರೈತರಿಗೆ ಮಾಹಿತಿ ಮುಟ್ಟಿಸುವ ಘನವಾದ ಹೊಣೆ ನನ್ನ ಹೆಗಲೇರಿತು. ಗೋಕಾಕದಲ್ಲಿ ಹದಿನೈದು ದಿನ ಕಂಪ್ಯೂಟರ್ ಕಲಿತಿದ್ದೆ. ಇನ್ನೇನು ಬೇಕು! ರೋಗ ಬಿದ್ದ ಎಲೆಯನ್ನು ಸ್ಕ್ಯಾನರ್ ಮೇಲಿಟ್ಟು ಅದರ ಚಿತ್ರವನ್ನು ಇ-ಮೇಲಿನಲ್ಲಿ ಕೃಷಿ ತಜ್ಞರಿಗೆ ಕಳಿಸುವುದು, ಅವರ ಉತ್ತರವನ್ನು ರೈತರಿಗೆ ಓದಿ ಹೇಳುವುದು. ಇಷ್ಟೇ ಕೆಲಸ.

ಯಂತ್ರಕ್ಕೆ ಧೂಳು ತಾಗಿಸಬೇಡಿ ಎಂದು ಕಲಿಸಿದವರು ಹೇಳಿದ್ದರು. ನಾನದನ್ನು ವೇದವಾಕ್ಯ ಮಾಡಿಕೊಂಡೆ. ಮಾಹಿತಿ ಕೇಂದ್ರದ ಬಾಗಿಲಲ್ಲಿ ಒಂದು ಕೊಡ ನೀರಿಟ್ಟೆ. ಕೈಕಾಲು ತೊಳೆಯದವರಿಗೆ ಪ್ರವೇಶವಿಲ್ಲ! ಹೊಲದಿಂದ ಬಂದವರು ಕೊಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹಾಗೇ ಮನೆಗೆ ಹೋದರು. ಹತ್ತು ದಿನ ನಾನೊಬ್ಬನೇ ಕಂಪ್ಯೂಟರಿನ ಮುಖ ನೋಡುತ್ತ ಕುಳಿತೆ.

ಹನ್ನೊಂದನೆಯ ದಿನ ನಮ್ಮ ಓಣಿಯ ಗಂಗವ್ವ ಕಾಕು ಬಂದಳು. ಆಕೆ ಯಾರನ್ನೂ ಕೇಳದೆ, ತಾನೇ ಬೀಜ ತಂದು ಹತ್ತು ಗುಂಟೆ ಬೆಂಡೆ ಹಾಕಿದ್ದಳು. ಅದರ ಮೇಲೆ ಆಕೆಗೆ ಎಲ್ಲಿಲ್ಲದ ಜೀವ.

"ತಮ್ಮಾ, ಎಲಿ ಹಿಂಗ ಆಗೇತಿ. ಏನಂತ ಕೇಳಿ ಹೇಳು."

ಎಲೆಯ ತುಂಬ ಬಿಳಿ ಪುಡಿ. ಇದನ್ನು ಸ್ಕ್ಯಾನರಿನ ಗಾಜಿನ ಮೇಲಿಡುವುದೇ? ಛೇ! ಟವೆಲ್ಲಿನಿಂದ ಎರಡೂ ಬದಿ ತಿಕ್ಕಿ ಒರೆಸಿ, ಫಳಫಳ ಹೊಳೆಸಿ ಚಿತ್ರ ಕಳಿಸಿದೆ. ಮರುದಿನ ಉತ್ತರ ಬಂತು: "ಎಲೆ ಆರೋಗ್ಯವಾಗಿದೆ. ಔಷಧಿ ಬೇಡ."

"ಏನೂ ಆಗಿಲ್ಲ ಕಾಕು!" ಎಂದೆ, ನಾನೇ ತಜ್ಞನ ಹಾಗೆ.

"ಖರೇನ?"

"ಖರೇನ!"

ವಾರ ಕಳೆದು ಕಾಕು ಬೇರುಸಮೇತ ಗಿಡ ಕಿತ್ತು ತಂದಳು. ಇಡೀ ಗಿಡ ಬೆಳ್ಳಗಾಗಿತ್ತು. ನಾನು ಮತ್ತೆ ಟವೆಲ್ ಎತ್ತಿಕೊಂಡೆ.

"ಯಪ್ಪಾ, ಒರಸಬ್ಯಾಡೋ! ಅದ ರೋಗ!"

ಟವೆಲ್ ಕೆಳಗಿಟ್ಟೆ. ಈ ಸಲ ಒರೆಸದೆ ಕಳಿಸಿದೆ. "ಬೂದಿ ರೋಗ. ಕೂಡಲೇ ಗಂಧಕ ಸಿಂಪಡಿಸಿ" ಎಂದು ಉತ್ತರ ಬಂತು. ಪ್ರಾಯಶ್ಚಿತ್ತಕ್ಕೆ ಪಂಪನ್ನು ನಾನೇ ಬೆನ್ನಿಗೆ ಹೊತ್ತೆ. ಅರ್ಧ ಬೆಂಡೆ ಉಳಿಯಿತು, ಅರ್ಧ ಹೋಯಿತು. ಒಣಗಿದ ಸಾಲುಗಳ ನಡುವೆ ನಿಂತಾಗ ನನಗೆ ಅಳುವೇ ಬಂತು.

"ಕಾಕು, ಬೂದಿ ರೋಗ ನಿನಗ ಗೊತ್ತಿರಲಿಲ್ಲೇನ?"

"ಗೊತ್ತಿತ್ತಪಾ. ಗಂಧಕಾನೂ ತಂದಿಟ್ಟಿದ್ದೆ. ನಿನ್ನ ಕಡೆ ಯಾರೂ ಬರವಲ್ರು, ಒಬ್ಬನ ಕುಂತಾನ ಪಾಪ ಅಂತ ಎಲಿ ತಂದೆ. ಏನೂ ಆಗಿಲ್ಲ ಅಂದಿ. ಕಲ್ತಾಂವ ಹೇಳ್ಯಾನ ಅಂತ ಗಂಧಕ ಹೊಡೀಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಆಕೆ ಸೆರಗಿನಿಂದ ನನ್ನ ಕಣ್ಣೊರೆಸಿ, "ಸಾಕ ಬಾ, ಉಳಿದ ಕಾಯಿ ಹರಿಯಾಕ ಕೈ ಹಚ್ಚು" ಎಂದಳು.

ಕೈ ಹಚ್ಚಿದೆ. ಎಳೆಯ ಕಾಯಿ ಯಾವುದು, ಬಲಿತದ್ದು ಯಾವುದು ಎಂಬುದನ್ನೂ ಕಾಕುವೇ ತೋರಿಸಿಕೊಡಬೇಕಾಯಿತು!